ಎಲೆ ಕೀಳುವ ಮೊದಲೇ ಟೆಸ್ಟ್ ಆರಿಸಿ: ಜೀವಶಾಸ್ತ್ರ ಪ್ರಾಜೆಕ್ಟ್‌ಗೆ ಟಿ-ಟೆಸ್ಟ್, ಕೈ-ಸ್ಕ್ವೇರ್

ಮಳೆಗಾಲ ಮುಗಿದು ಪ್ರಾಜೆಕ್ಟ್ ಕೆಲಸ ಶುರುವಾಯಿತು ಅಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: “ಡೇಟಾ ಎಲ್ಲ ರೆಡಿ ಇದೆ, ಈಗ ಯಾವ ಟೆಸ್ಟ್ ಹಾಕಬೇಕು?” ಮೇಷ್ಟ್ರುಗಳೂ ಇದನ್ನೇ ಕೇಳುತ್ತಾರೆ. ಪಿಯು ಪ್ರಾಕ್ಟಿಕಲ್ ಪಟ್ಟಿಯಲ್ಲಿ ಪತ್ರರಂಧ್ರದ (ಎಲೆಯ ಮೈಮೇಲಿನ, ಗಾಳಿಯಾಡುವ ಸೂಕ್ಷ್ಮ ರಂಧ್ರ) ಪ್ರಯೋಗವೂ ಇದೆ, ನೆಲದ ಮೇಲೆ ಚೌಕಟ್ಟು ಇಟ್ಟು ಗಿಡ ನೋಡುವ ಕ್ವಾಡ್ರಾಟ್ ಪ್ರಯೋಗವೂ ಇದೆ. ಆದರೆ ಅಲ್ಲಿ ಎಣಿಸಿ ಬರೆದರೆ ಕೆಲಸ ಮುಗಿಯಿತು. ಅದೇ ಪ್ರಯೋಗವನ್ನು ಮಕ್ಕಳ ವಿಜ್ಞಾನ ಸಮಾವೇಶಕ್ಕೋ ಕಾಲೇಜಿನ ವಿಜ್ಞಾನ ಮೇಳಕ್ಕೋ ಒಯ್ದರೆ ತೀರ್ಪುಗಾರರು ಬಿಡುವುದಿಲ್ಲ. “ಈ ವ್ಯತ್ಯಾಸ ನಿಜಕ್ಕೂ ಇದೆಯೋ, ಸುಮ್ನೆ ಅದೃಷ್ಟಕ್ಕೆ ಬಂತೋ?” ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ಸಂಖ್ಯಾಶಾಸ್ತ್ರದ ಲೆಕ್ಕವೇ ಈ ಟೆಸ್ಟ್.

ನನ್ನ ಉತ್ತರ ಸ್ವಲ್ಪ ಬೇಸರ ತರಿಸಬಹುದು: ಡೇಟಾ ತಂದಾದ ಮೇಲೆ ಟೆಸ್ಟ್ ಹುಡುಕಬಾರದು. ಯಾವ ಟೆಸ್ಟ್ ಎಂದು ಮೊದಲೇ ಗೊತ್ತಿದ್ದರೆ ಎಷ್ಟು ಎಲೆ ಬೇಕು, ಎಲ್ಲಿಂದ ಕೀಳಬೇಕು, ಏನು ಬರೆದುಕೊಳ್ಳಬೇಕು ಎಲ್ಲ ತಾನಾಗಿ ತೀರ್ಮಾನವಾಗುತ್ತದೆ. ಮನೆಯಂಗಳದ ದಾಸವಾಳ ಮತ್ತು ಅಡಿಕೆ ತೋಟದ ಒಂದೆಲಗ ಇಟ್ಟುಕೊಂಡು ಮಾಡಬಹುದಾದ ಎರಡು ಕೆಲಸಗಳನ್ನು ಕೆಳಗೆ ವಿವರಿಸಿದ್ದೇನೆ. ಎಲೆಗಳ ಮತ್ತು ಚೌಕಗಳ ಅಂಕಿಗಳು ಲೆಕ್ಕ ತೋರಿಸಲು ನಾನೇ ಹಾಕಿದವು. ದಯವಿಟ್ಟು ಅವನ್ನು ನಿಮ್ಮ ರೆಕಾರ್ಡಿಗೆ ಎತ್ತಿಕೊಳ್ಳಬೇಡಿ.

ಹಂತ 1: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

“ದಾಸವಾಳದ ಪತ್ರರಂಧ್ರಗಳ ಅಧ್ಯಯನ” ಎನ್ನುವುದು ಶೀರ್ಷಿಕೆ, ಪ್ರಶ್ನೆ ಅಲ್ಲ. “ಬಿಸಿಲಲ್ಲಿ ಬೆಳೆದ ದಾಸವಾಳದ ಎಲೆಗೂ ನೆರಳಲ್ಲಿ ಬೆಳೆದ ಎಲೆಗೂ ಪತ್ರರಂಧ್ರಗಳ ದಟ್ಟಣೆಯಲ್ಲಿ ವ್ಯತ್ಯಾಸ ಇದೆಯೇ?” ಇದು ಪ್ರಶ್ನೆ. ಅದರ ಕೆಳಗೇ ನಲ್ ಹೈಪಾಥಿಸಿಸ್ ಬರೆಯಿರಿ. ಅಂದರೆ “ವ್ಯತ್ಯಾಸ ಇಲ್ಲ” ಎಂಬ ಊಹೆ. ಟೆಸ್ಟ್ ಪರೀಕ್ಷಿಸುವುದು ಈ ಊಹೆಯನ್ನೇ.

ಈಗ ಟೆಸ್ಟ್ ಆಯ್ಕೆ. ಶಾಲಾ ಮಟ್ಟಕ್ಕೆ ಇಷ್ಟು ಸಾಕು:

- ಪ್ರತಿ ಮಾದರಿಗೂ ಒಂದು ಅಳತೆ ಸಿಗುತ್ತದೆ (ಉದ್ದ, ತೂಕ, ದಟ್ಟಣೆ, ಸೆಕೆಂಡು), ಎರಡು ಗುಂಪುಗಳ ಸರಾಸರಿ ಹೋಲಿಸಬೇಕು: ಟಿ-ಟೆಸ್ಟ್.
- ಅಳತೆಗಳು ಜೋಡಿಯಾಗಿ ಬರುತ್ತವೆ, ಉದಾಹರಣೆಗೆ ಒಂದೇ ಎಲೆಯ ಮೇಲ್ಮೈ ಮತ್ತು ಕೆಳಮೈ: ಪೇರ್ಡ್ ಟಿ-ಟೆಸ್ಟ್, ಅಂದರೆ ಜೋಡಿ ಟಿ-ಟೆಸ್ಟ್.
- ಇದೆ/ಇಲ್ಲ, ಮೊಳೆತಿದೆ/ಮೊಳೆತಿಲ್ಲ, ಉರುಟು/ಸುಕ್ಕು ಎಂದು ವಿಂಗಡಿಸಿ ಎಣಿಸುತ್ತೀರಿ: ಕೈ-ಸ್ಕ್ವೇರ್.

ಬಿಸಿಲು, ಅರೆನೆರಳು, ಪೂರ್ತಿ ನೆರಳು ಎಂದು ಮೂರು ಗುಂಪು ಮಾಡಿಕೊಂಡು ಮೂರು ಟಿ-ಟೆಸ್ಟ್ ಮಾಡಲು ಹೋಗಬೇಡಿ. ಟೆಸ್ಟ್ ಹೆಚ್ಚಾದಷ್ಟೂ ಸುಳ್ಳು ವ್ಯತ್ಯಾಸ ಕಾಣುವ ಸಾಧ್ಯತೆಯೂ ಹೆಚ್ಚುತ್ತದೆ. ಮೂರು ಗುಂಪಿಗೆ ಅನೋವಾ ಎಂಬ ಬೇರೆ ವಿಧಾನವಿದೆ. ಮೊದಲ ಪ್ರಾಜೆಕ್ಟ್ ಆದರೆ ಎರಡೇ ಗುಂಪು ಇಟ್ಟುಕೊಳ್ಳಿ.

ಹಂತ 2: ಸಾಮಾನು

ಮೈಕ್ರೋಸ್ಕೋಪ್, ಸ್ಲೈಡ್, ಬಣ್ಣವಿಲ್ಲದ ನೇಲ್ ಪಾಲಿಶ್, ಪಾರದರ್ಶಕ ಸೆಲ್ಲೋ ಟೇಪ್, ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್, ಕ್ಯಾಲ್ಕುಲೇಟರ್. ಒಂದೆಲಗದ ಕೆಲಸಕ್ಕೆ ಎರಡು ಅಳತೆ ಟೇಪು, ಮತ್ತೆ ಕ್ವಾಡ್ರಾಟ್, ಅಂದರೆ ನೆಲದ ಮೇಲೆ ಇಡುವ ಚೌಕಟ್ಟು. ಪಿವಿಸಿ ಪೈಪ್‌ನಲ್ಲಿ ಮಾಡಬಹುದು. ಅಡಿಕೆ ದಬ್ಬೆ ಸೀಳಿ 50 ಸೆಂ.ಮೀ. ಉದ್ದದ ನಾಲ್ಕು ಪಟ್ಟಿ ಕಟ್ಟಿದರೂ ನಡೆಯುತ್ತದೆ. ಒಳ ಅಳತೆ ಸರಿಯಿರಬೇಕು, ಅಷ್ಟೇ.

ಹಂತ 3: ಎಷ್ಟು ಎಲೆ? ಇಲ್ಲೇ ಎಲ್ಲರೂ ಎಡವುವುದು

ಲೆಕ್ಕದಲ್ಲಿ ‘ಎನ್’ ಎಂದು ಬರುತ್ತದಲ್ಲ, ಅದು ಮಾದರಿಗಳ ಸಂಖ್ಯೆ. ಒಂದೇ ಎಲೆಯನ್ನು ಮೈಕ್ರೋಸ್ಕೋಪಿನಲ್ಲಿ ಹತ್ತು ಜಾಗದಲ್ಲಿ ನೋಡಿ “ಎನ್ = 10” ಎಂದು ಬರೆಯುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಹತ್ತು ಸಲ ನೋಡಿದ ಮಾತ್ರಕ್ಕೆ ಒಂದು ಎಲೆ ಹತ್ತು ಎಲೆ ಆಗುವುದಿಲ್ಲ. ಒಂದೇ ಗೊನೆಯಿಂದ ಹತ್ತು ಕಾಯಿ ಕಿತ್ತು ತೋರಿಸಿ “ಇಡೀ ತೋಟದ ಅಡಿಕೆ ಹೀಗೇ ಇದೆ” ಅಂದರೆ ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವವರು ಒಪ್ಪುತ್ತಾರಾ? ಒಂದೇ ಗಿಡದಿಂದ ಹತ್ತು ಎಲೆ ಕಿತ್ತರೂ ಇದೇ ತೊಂದರೆ. ಆಗ ನೀವು ಹೇಳಬಹುದಾದದ್ದು ಆ ಒಂದು ಗಿಡದ ಬಗ್ಗೆ ಮಾತ್ರ.

ಸರಿಯಾದ ದಾರಿ ಹೀಗೆ. ಬಿಸಿಲಿನಲ್ಲಿರುವ 8 ದಾಸವಾಳದ ಗಿಡ, ನೆರಳಿನಲ್ಲಿರುವ 8 ಗಿಡ ಹುಡುಕಿ. ಅಕ್ಕಪಕ್ಕದ ಮನೆಗಳನ್ನು ಸುತ್ತಬೇಕಾಗುತ್ತದೆ, ಸುತ್ತಿ. ಎಲ್ಲವೂ ಒಂದೇ ಜಾತಿಯವಿರಲಿ, ಐದೆಸಳಿನ ಕೆಂಪು ದಾಸವಾಳ ಆದರೆ ಎಲ್ಲ ಕಡೆ ಅದೇ. ಒಂದೊಂದು ಗಿಡದಿಂದ ಒಂದೊಂದೇ ಎಲೆ. ಕುಡಿಯಿಂದ ಕೆಳಗೆ ಎಣಿಸಿ, ಪೂರ್ತಿ ಬಿಚ್ಚಿದ ನಾಲ್ಕನೇ ಎಲೆ ಎಂದು ನಿಯಮ ಹಾಕಿಕೊಳ್ಳಿ. ಇಲ್ಲದಿದ್ದರೆ ಬಿಸಿಲಿನ ಗುಂಪಿಗೆ ಬಲಿತ ಎಲೆ, ನೆರಳಿನ ಗುಂಪಿಗೆ ಎಳೆ ಎಲೆ ಬಂದು, ನೀವು ಅಳೆದದ್ದು ಬಿಸಿಲನ್ನೋ ವಯಸ್ಸನ್ನೋ ಗೊತ್ತಾಗುವುದಿಲ್ಲ.

ಒಂದು ಎಲೆಯಲ್ಲಿ ಐದು ಜಾಗ ನೋಡುವುದು ಒಳ್ಳೆಯದೇ. ಆದರೆ ಆ ಐದರ ಸರಾಸರಿ ತೆಗೆದು ಎಲೆಗೆ ಒಂದೇ ಅಂಕಿ ಬರೆಯಿರಿ. ಲೆಕ್ಕಕ್ಕೆ ಹೋಗುವುದು ಅದೊಂದೇ.

ಒಂದೇ ಗಿಡದ ಬಿಸಿಲು ಬದಿಯಿಂದ ಒಂದು, ನೆರಳು ಬದಿಯಿಂದ ಒಂದು ಎಲೆ ತೆಗೆದರೆ ಆಗಬಹುದೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಆದರೆ ಆಗ ಅಳತೆಗಳು ಜೋಡಿ, ಟೆಸ್ಟ್ ಕೂಡ ಜೋಡಿ ಟಿ-ಟೆಸ್ಟ್. ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಯಾವ ಎಲೆ ಯಾವ ಗಿಡದ್ದು ಎಂದು ಬರೆದುಕೊಂಡಿರುವುದಿಲ್ಲ. ಮನೆಗೆ ಬಂದ ಮೇಲೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಹಂತ 4: ಎಲೆಯ ಅಚ್ಚು ತೆಗೆಯುವುದು

ದಾಸವಾಳದಲ್ಲಿ ಪತ್ರರಂಧ್ರ ಜಾಸ್ತಿ ಇರುವುದು ಎಲೆಯ ಕೆಳಮೈಯಲ್ಲಿ. ಹಾಗಾಗಿ ಅಚ್ಚು ಅಲ್ಲಿಂದಲೇ ತೆಗೆಯಿರಿ.

1. ಎಲೆಯನ್ನು ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ. ಉಜ್ಜಬೇಡಿ. ಮಲೆನಾಡಿನ ಹವೆಯಲ್ಲಿ ಎಲೆ ನೋಡಲು ಒಣಗಿದಂತಿದ್ದರೂ ಪಸೆ ಉಳಿದಿರುತ್ತದೆ. ಹಸಿ ಎಲೆಯ ಮೇಲೆ ನೇಲ್ ಪಾಲಿಶ್ ಬಿದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ, ಆ ಅಚ್ಚಿನಲ್ಲಿ ಏನೂ ಕಾಣುವುದಿಲ್ಲ.
2. ನಡುನರ ಬಿಟ್ಟು, ಎಲೆಯ ಮಧ್ಯಭಾಗದಲ್ಲಿ ಉಗುರಿನಗಲ ಜಾಗಕ್ಕೆ ತೆಳುವಾಗಿ ಒಂದೇ ಪದರ ಹಚ್ಚಿ. ದಪ್ಪ ಹಚ್ಚಿದರೆ ಗುಳ್ಳೆ ಏಳುತ್ತದೆ.
3. 10ರಿಂದ 15 ನಿಮಿಷ ಬಿಡಿ. ಮಳೆ ಹಿಡಿದ ದಿನ ಇದರ ಎರಡರಷ್ಟು ಹೊತ್ತು ಬೇಕು. ಬೆರಳು ತಾಗಿಸಿದರೆ ಅಂಟಬಾರದು.
4. ಸೆಲ್ಲೋ ಟೇಪನ್ನು ಅದರ ಮೇಲೆ ಒತ್ತಿ, ಒಂದು ತುದಿಯಿಂದ ನಿಧಾನ ಎತ್ತಿ. ನೇಲ್ ಪಾಲಿಶ್ ಪೊರೆ ಟೇಪಿಗೆ ಅಂಟಿ ಬರುತ್ತದೆ. ಹಸಿರು ಚೂರು ಸೇರಿ ಬಂದರೆ ಎಲೆಯ ಸಿಪ್ಪೆಯೇ ಕಿತ್ತಿದೆ ಎಂದರ್ಥ, ಇನ್ನೊಂದು ಜಾಗದಲ್ಲಿ ಮತ್ತೆ ಮಾಡಿ.
5. ಟೇಪನ್ನು ಸ್ಲೈಡಿಗೆ ಅಂಟಿಸಿ. ನೀರು ಬೇಡ, ಕವರ್ ಸ್ಲಿಪ್ಪೂ ಬೇಡ.

ಅಡಿಕೆ ತೋಟದೊಳಗಿನ ಗಿಡಗಳ ಎಲೆ ತೆಗೆಯುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಕೆಳಗಿನ ಗಿಡಗಳ ಮೇಲೂ ಆ ನೀಲಿ ಬಿಳುಪು ಕಲೆ ಒಣಗಿ ಕೂತಿರುತ್ತದೆ. ಅದರ ಮೇಲೆ ಅಚ್ಚು ತೆಗೆದರೆ ಸುಣ್ಣದ ಹರಳು ಕಾಣುತ್ತದೆಯೇ ಹೊರತು ಪತ್ರರಂಧ್ರ ಅಲ್ಲ. ಔಷಧಿ ಬೀಳದ ಗಿಡ ಹುಡುಕಿ. ಮೈತುಂಬ ರೋಮ ಇರುವ ಎಲೆಗಳೂ ಈ ವಿಧಾನಕ್ಕೆ ಒಗ್ಗುವುದಿಲ್ಲ.

ಹಂತ 5: ಎಣಿಕೆ

ಮೊದಲು 10ರ ಆಬ್ಜೆಕ್ಟಿವ್ (ಹತ್ತು ಪಟ್ಟು ಹಿಗ್ಗಿಸುವ ಮಸೂರ), ಆಮೇಲೆ 40. ಬೆಳಕು ಕಡಿಮೆ ಮಾಡಿ. ಡಯಾಫ್ರಾಂ, ಅಂದರೆ ಬೆಳಕು ಹೊಂದಿಸುವ ಕಿಂಡಿ, ಪೂರ್ತಿ ತೆರೆದಿದ್ದರೆ ಬಣ್ಣವಿಲ್ಲದ ಅಚ್ಚು ಬೆಳಕಿನಲ್ಲಿ ಕರಗಿ ಹೋಗುತ್ತದೆ. ಸ್ವಲ್ಪ ಮುಚ್ಚಿದರೆ ಹುರುಳಿಬೀಜದ ಆಕಾರದ ಎರಡು ಕಾವಲು ಕೋಶಗಳು, ನಡುವೆ ಸೀಳು, ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಸೀಳು ಮುಚ್ಚಿದ್ದರೂ ಅದು ಪತ್ರರಂಧ್ರವೇ, ಎಣಿಸಿ.

ಮೈಕ್ರೋಸ್ಕೋಪಿನಲ್ಲಿ ಕಾಣುವ ವೃತ್ತದ (ಇದೇ ಒಂದು ‘ನೋಟ’) ಅಂಚಿನಲ್ಲಿ ಅರ್ಧ ಕಾಣುವವನ್ನು ಏನು ಮಾಡಬೇಕು? ಎಡ ಅಂಚಿನಲ್ಲಿರುವುದು ಲೆಕ್ಕಕ್ಕೆ, ಬಲ ಅಂಚಿನದು ಬೇಡ. ಯಾವ ನಿಯಮ ಆದರೂ ಸರಿ, ಕೊನೆಯವರೆಗೂ ಅದೇ ಇರಬೇಕು. ಸಾಧ್ಯವಾದರೆ ಗೆಳೆಯರ ಕೈಯಲ್ಲಿ ಸ್ಲೈಡುಗಳಿಗೆ ಬರೀ ನಂಬರ್ ಹಾಕಿಸಿ. ಯಾವುದು ಬಿಸಿಲು, ಯಾವುದು ನೆರಳು ಎಂದು ಎಣಿಸುವವರಿಗೆ ಗೊತ್ತಿರಬಾರದು. ಬಿಸಿಲಿನದರಲ್ಲಿ ಜಾಸ್ತಿ ಇರಬೇಕು ಎಂದು ಮನಸ್ಸು ಮೊದಲೇ ಹೇಳಿದರೆ ಕಣ್ಣು ಅದಕ್ಕೆ ತಕ್ಕಂತೆ ಎರಡು ಮೂರು ಹೆಚ್ಚೇ ಎಣಿಸುತ್ತದೆ.

ದಟ್ಟಣೆಯನ್ನು ಚದರ ಮಿ.ಮೀ.ಗೆ ಹೇಳಬೇಕಾದರೆ ವೃತ್ತದ ಅಳತೆ ಬೇಕು. 10ರ ಆಬ್ಜೆಕ್ಟಿವ್ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು ಅಡ್ಡಳತೆ ನೋಡಿ. ಉದಾಹರಣೆಗೆ 1.8 ಮಿ.ಮೀ. ಕಂಡರೆ 40ರಲ್ಲಿ ಅದರ ಕಾಲು ಭಾಗ, 0.45 ಮಿ.ಮೀ. ತ್ರಿಜ್ಯ 0.225. ವಿಸ್ತೀರ್ಣ 3.14 × 0.225 × 0.225 = 0.159 ಚದರ ಮಿ.ಮೀ. ಒಂದು ನೋಟದಲ್ಲಿ 25.5 ಪತ್ರರಂಧ್ರ ಎಂದರೆ ಚದರ ಮಿ.ಮೀ.ಗೆ ಸುಮಾರು 160.

ಹಂತ 6: ಟಿ ಲೆಕ್ಕ

ಒಂದು ನೋಟಕ್ಕೆ ಕಂಡ ಪತ್ರರಂಧ್ರಗಳು, ಎಲೆಗೊಂದು ಅಂಕಿ. ಇಲ್ಲಿ ಕೈಲೆಕ್ಕ ಸುಲಭವಾಗಲಿ ಎಂದು ಪೂರ್ಣ ಸಂಖ್ಯೆ ಹಾಕಿದ್ದೇನೆ. ನೀವು ದಶಮಾಂಶ ಉಳಿಸಿಕೊಳ್ಳಿ.

ಬಿಸಿಲು: 24, 27, 22, 29, 25, 28, 23, 26. ಸರಾಸರಿ 25.5.
ನೆರಳು: 20, 22, 17, 23, 19, 24, 21, 22. ಸರಾಸರಿ 21.

ಇನ್ನು ಪ್ರತಿ ಗುಂಪಿನಲ್ಲೂ ಅಂಕಿಗಳು ಎಷ್ಟು ಚದುರಿವೆ ನೋಡಬೇಕು. ಪ್ರತಿ ಅಂಕಿಯಿಂದ ಸರಾಸರಿ ಕಳೆದು, ವರ್ಗ ಮಾಡಿ, ಎಲ್ಲ ಕೂಡಿಸಿ, ‘ಎನ್’ಗಿಂತ ಒಂದು ಕಡಿಮೆಯಿಂದ ಭಾಗಿಸಿ. ಬರುವುದು ವೇರಿಯನ್ಸ್, ಅಂದರೆ ಚದುರುವಿಕೆಯ ಅಳತೆ. ಬಿಸಿಲಿಗೆ 42 ÷ 7 = 6. ನೆರಳಿಗೆ 36 ÷ 7 = 5.14. ಇವುಗಳ ವರ್ಗಮೂಲವೇ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಮಾನಕ ವಿಚಲನೆ: 2.45 ಮತ್ತು 2.27. ಕ್ಯಾಲ್ಕುಲೇಟರಿನಲ್ಲಿ ಇದಕ್ಕೆ ಎರಡು ಗುಂಡಿ ಇರುತ್ತವೆ. ನಿಮಗೆ ಬೇಕಾದ್ದು ‘ಎನ್ ಮೈನಸ್ 1’ ಇರುವುದು.

ಟಿ = ಸರಾಸರಿಗಳ ವ್ಯತ್ಯಾಸ ÷ √(6/8 + 5.14/8)
= 4.5 ÷ √1.393
= 4.5 ÷ 1.18
= 3.81

ಈಗ ಟಿ ಕೋಷ್ಟಕ. ಡಿಗ್ರೀಸ್ ಆಫ್ ಫ್ರೀಡಂ ಎಂದು ಕೇಳುತ್ತದೆ. ಸರಾಸರಿ ಒಮ್ಮೆ ಗೊತ್ತಾದ ಮೇಲೆ ಎಷ್ಟು ಅಂಕಿಗಳು ತಮ್ಮಿಷ್ಟದಂತೆ ಬದಲಾಗಬಹುದು ಎನ್ನುವ ಲೆಕ್ಕ ಅದು. ಇಲ್ಲಿ 8 + 8 − 2 = 14. ಆ ಸಾಲಿನಲ್ಲಿ 0.05ರ ಕಾಲಂನಲ್ಲಿ (ಆಕಸ್ಮಿಕಕ್ಕೆ ನೂರಕ್ಕೆ ಐದರ ಮಿತಿ), ಎರಡು ಬದಿಯ ಟೆಸ್ಟ್‌ಗೆ, ಅಂದರೆ ಯಾವ ಗುಂಪು ಹೆಚ್ಚು ಎಂದು ಮೊದಲೇ ಊಹಿಸದ ಟೆಸ್ಟ್‌ಗೆ, 2.145 ಇದೆ. ನಮ್ಮದು 3.81, ಅದಕ್ಕಿಂತ ದೊಡ್ಡದು. “ವ್ಯತ್ಯಾಸ ಇಲ್ಲ” ಎಂಬ ಊಹೆಯನ್ನು ಕೈಬಿಡಬಹುದು.

ಎಂಟೇ ಎಲೆಯಿಂದ ಇಷ್ಟು ಹೇಳಬಹುದಾ ಎಂಬ ಅನುಮಾನ ಬರಬೇಕಾದ್ದೇ. ಟಿ-ಟೆಸ್ಟ್ ಹುಟ್ಟಿದ್ದೇ ಸಣ್ಣ ಮಾದರಿಗಳಿಗಾಗಿ. ಡಬ್ಲಿನ್ನಿನ ಗಿನ್ನಿಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿಟ್ಟುಕೊಂಡು ಪ್ರಕಟಿಸಿದ ವಿಧಾನ ಇದು. ಆದರೆ ಅಂಕಿಗಳು ಸರಾಸರಿಯ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹರಡಿರಬೇಕು. ಏಳು ಎಲೆಯಲ್ಲಿ 20ರ ಆಸುಪಾಸು, ಎಂಟನೆಯದರಲ್ಲಿ 60 ಬಂದರೆ ಮೊದಲು ಆ ಸ್ಲೈಡನ್ನು ಮತ್ತೆ ನೋಡಿ. ಇಷ್ಟವಿಲ್ಲದ ಅಂಕಿ ಎಂದು ಮಾತ್ರ ತೆಗೆದುಹಾಕಬೇಡಿ.

ಎಕ್ಸೆಲ್‌ನಲ್ಲಿ, ಗೂಗಲ್ ಶೀಟ್‌ನಲ್ಲಿ ಟಿ-ಟೆಸ್ಟ್ ಫಂಕ್ಷನ್ ಇದೆ. ಕೊನೆಗೆ ‘ಟೈಪ್’ ಕೇಳುತ್ತದೆ: 1 ಎಂದರೆ ಜೋಡಿ, 2 ಎಂದರೆ ಎರಡೂ ಗುಂಪಿನ ಚದುರುವಿಕೆ ಸಮ, 3 ಎಂದರೆ ಸಮ ಅಲ್ಲ. ಅದು ಕೊಡುವುದು ಟಿ ಅಲ್ಲ, ನೇರವಾಗಿ ಪಿ ಬೆಲೆ (ಅದರ ಅರ್ಥ ಹಂತ 9ರಲ್ಲಿದೆ). ಒಮ್ಮೆಯಾದರೂ ಕೈಯಲ್ಲಿ ಮಾಡಿ, ಆಮೇಲೆ ಮೊಬೈಲಿನಲ್ಲಿ ತಾಳೆ ನೋಡಿ.

ಹಂತ 7: ತೋಟಕ್ಕೆ ಇಳಿಯುವ ಮೊದಲು

ಕ್ವಾಡ್ರಾಟ್ ಕೆಲಸಕ್ಕೆ ಕಾಡೇ ಆಗಬೇಕು ಎಂದು ಹಠ ಮಾಡಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗು ಕಚ್ಚಿ ಹರಡುವ ಈ ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಪ್ರಾಜೆಕ್ಟ್ ಮಾಡುವ ಕಾಲವೂ ಅದೇ. ಮನೆಯ ಹತ್ತಿರದ ತೋಟ, ಶಾಲೆಯ ಮೈದಾನ ಸಾಕು. ಕಾಡಂಚಿನ ತೋಟವಾದರೆ ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟ್, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ಮೈಯೆಲ್ಲ ನೋಡಿಕೊಳ್ಳುವುದು. ಕಾಡಿನ ದರಗು ಮನೆಗೆ ತರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಂಬಳ (ಜಿಗಣೆ) ಹತ್ತುವುದು ಇದರ ಮುಂದೆ ದೊಡ್ಡ ವಿಷಯ ಅಲ್ಲ.

ಹಂತ 8: ಒಂದೆಲಗ ಎಲ್ಲಿ ಬೆಳೆಯುತ್ತದೆ?

ಪ್ರಶ್ನೆ: ತೋಟದ ಬಸಿಗಾಲುವೆ ಬದಿಗೂ ಎತ್ತರದ ಒಣ ಜಾಗಕ್ಕೂ ಒಂದೆಲಗ ಸಿಗುವುದರಲ್ಲಿ ವ್ಯತ್ಯಾಸ ಇದೆಯೇ? ಎರಡೂ ಕಡೆ 20 ಚೌಕ.

ಚೌಕ ಎಲ್ಲಿಡಬೇಕು ಎಂಬುದನ್ನು ಕಣ್ಣು ತೀರ್ಮಾನಿಸಬಾರದು. ಬೆನ್ನು ತಿರುಗಿಸಿ ಎಸೆಯುವುದೂ ರ‍್ಯಾಂಡಂ ಅಲ್ಲ, ಪಕ್ಕದವರಿಗೆ ಪೆಟ್ಟು ಬೇರೆ. ಎರಡು ಟೇಪುಗಳನ್ನು ಮೂಲೆಯಿಂದ ಎಲ್ ಆಕಾರದಲ್ಲಿ ಹಾಸಿ. ಕ್ಯಾಲ್ಕುಲೇಟರಿನ ರ‍್ಯಾಂಡಂ ಗುಂಡಿಯಿಂದಲೋ ಚೀಟಿ ಎತ್ತಿಯೋ ಎರಡು ಸಂಖ್ಯೆ ತೆಗೆಯಿರಿ. ಉದ್ದಕ್ಕೆ ಅಷ್ಟು ಮೀಟರ್, ಅಗಲಕ್ಕೆ ಇಷ್ಟು, ಅಲ್ಲಿ ಚೌಕ. ಅಲ್ಲಿ ಬರೀ ಅಡಿಕೆ ಹಾಳೆ ಬಿದ್ದಿದ್ದರೂ ಜಾಗ ಬದಲಿಸಬೇಡಿ. ಹಾಳೆ ಎತ್ತಿ ನೋಡಿ.

ಚೌಕದೊಳಗೆ ಒಂದೆಲಗದ ಗಿಡಗಳನ್ನು ಎಣಿಸಬೇಡಿ, ಇದೆ ಅಥವಾ ಇಲ್ಲ ಎಂದಷ್ಟೇ ಬರೆಯಿರಿ. ಒಂದೆಲಗ ನೆಲದ ಮೇಲೆ ಹಬ್ಬಿ ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತದೆ. ನೀವು ಎಣಿಸಿದ ಮೂವತ್ತು ‘ಗಿಡ’ ಒಂದೇ ಬಳ್ಳಿಯದ್ದಿರಬಹುದು. ಹಂತ 3ರ ತಪ್ಪೇ ಇಲ್ಲಿ ಬೇರೆ ವೇಷದಲ್ಲಿ ಬರುತ್ತದೆ, ಅಲ್ವಾ?

ಅಂಕಿ ಹೀಗಿದ್ದರೆ:

ಕಾಲುವೆ ಬದಿ: ಇದೆ 14, ಇಲ್ಲ 6.
ಎತ್ತರದ ಜಾಗ: ಇದೆ 5, ಇಲ್ಲ 15.

ಒಟ್ಟು 40 ಚೌಕದಲ್ಲಿ 19ರಲ್ಲಿ ಇದೆ, 21ರಲ್ಲಿ ಇಲ್ಲ. ಜಾಗಕ್ಕೂ ಒಂದೆಲಗಕ್ಕೂ ಸಂಬಂಧವೇ ಇಲ್ಲದಿದ್ದರೆ ಎರಡೂ ಕಡೆ ಸಮ ಹಂಚಿಕೆ, ಅಂದರೆ ಇದೆ 9.5, ಇಲ್ಲ 10.5 ಇರಬೇಕಿತ್ತು. ಇವು ನಿರೀಕ್ಷಿತ ಸಂಖ್ಯೆಗಳು. ನಾಲ್ಕೂ ಮನೆಗಳಲ್ಲಿ (ಮೇಲಿನ ಪಟ್ಟಿಯ ನಾಲ್ಕು ಅಂಕಿಗಳ ಜಾಗ) ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ ವ್ಯತ್ಯಾಸ 4.5. ಅದರ ವರ್ಗ 20.25. ಪ್ರತಿ ಮನೆಯಲ್ಲೂ ಇದನ್ನು ಆ ಮನೆಯ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿಸಿ: 2.13 + 2.13 + 1.93 + 1.93 = 8.12. ಡಿಗ್ರೀಸ್ ಆಫ್ ಫ್ರೀಡಂ 1. ಕೈ-ಸ್ಕ್ವೇರ್ ಕೋಷ್ಟಕದಲ್ಲಿ 0.05ರ ಬೆಲೆ 3.841. ನಮ್ಮದು ದೊಡ್ಡದು.

ಇಲ್ಲಿ ಎರಡು ಹಳ್ಳಗಳಿವೆ. ನಿರೀಕ್ಷಿತ ಸಂಖ್ಯೆ ಯಾವ ಮನೆಯಲ್ಲೂ 5ಕ್ಕಿಂತ ಕಡಿಮೆ ಇರಬಾರದು, ಇದ್ದರೆ ಚೌಕ ಹೆಚ್ಚಿಸಿ. ಎರಡನೆಯದು ಶೇಕಡಾವಾರು. ಪಿಯು ರೆಕಾರ್ಡಿನಲ್ಲಿ ಶೇಕಡಾ ಆವರ್ತನ ಬರೆಯಿಸುತ್ತಾರೆ. ಇಲ್ಲಿ ಅದು 70 ಮತ್ತು 25. ಅಭ್ಯಾಸಬಲದಿಂದ ಅದನ್ನೇ ಕೈ-ಸ್ಕ್ವೇರಿಗೆ ಹಾಕಿದರೆ 8.12 ಇದ್ದದ್ದು 40.6 ಆಗಿಬಿಡುತ್ತದೆ, ನೋಡದೇ ಇದ್ದ 160 ಚೌಕ ನೋಡಿದಂತೆ. ಕೈ-ಸ್ಕ್ವೇರಿಗೆ ಯಾವಾಗಲೂ ಎಣಿಸಿದ ಸಂಖ್ಯೆ ಮಾತ್ರ.

ಲೆಕ್ಕ ಕೈಗೆ ಹತ್ತಿದೆಯೇ ಎಂದು ನೋಡಲು ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡಲ್‌ನ ಬಟಾಣಿ ಹಿಡಿಯಿರಿ. ಅವನಿಗೆ ಸಿಕ್ಕಿದ್ದು 5474 ಉರುಟು, 1850 ಸುಕ್ಕು ಬೀಜ. 3:1ರಂತೆ ನಿರೀಕ್ಷೆ 5493 ಮತ್ತು 1831. ಉತ್ತರ 0.26 ಬರಬೇಕು. 3.841ಕ್ಕಿಂತ ಬಹಳ ಕಡಿಮೆ, ಅಂದರೆ 3:1ರ ಊಹೆಗೆ ಧಕ್ಕೆ ಇಲ್ಲ.

ಹಂತ 9: ಬರೆಯುವಾಗ

“ಸಾಬೀತಾಯಿತು” ಎಂಬ ಪದ ಬಿಡಿ. “ಬಿಸಿಲಿನ ಎಲೆಗಳಲ್ಲಿ ಒಂದು ನೋಟಕ್ಕೆ ಸರಾಸರಿ 25.5, ನೆರಳಿನ ಎಲೆಗಳಲ್ಲಿ 21 ಪತ್ರರಂಧ್ರ ಕಂಡವು. ಟಿ = 3.81, ಡಿಗ್ರೀಸ್ ಆಫ್ ಫ್ರೀಡಂ 14, ಪಿ 0.05ಕ್ಕಿಂತ ಕಡಿಮೆ” ಎಂದು ಬರೆದರೆ ಓದುವವರಿಗೆ ಬೇಕಾದ್ದೆಲ್ಲ ಸಿಕ್ಕಿತು. ಪಿ ಎಂದರೇನು ಎಂದು ವೈವಾದಲ್ಲಿ ಕೇಳುತ್ತಾರೆ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದಾಗಲೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ ಅದು. “ನನ್ನ ಊಹೆ ಶೇ 95ರಷ್ಟು ಸರಿ” ಎಂದು ಅರ್ಥ ಅಲ್ಲ. ಒಂದೆಲಗದ ಚೌಕಗಳು ಒಂದೇ ತೋಟದವಾದರೆ “ಮಲೆನಾಡಿನ ತೋಟಗಳಲ್ಲಿ” ಎಂದು ಬರೆಯಬೇಡಿ, “ನಾವು ನೋಡಿದ ತೋಟದಲ್ಲಿ” ಎಂದು ಬರೆಯಿರಿ.

ಟಿ ಕೋಷ್ಟಕದ ಬೆಲೆಗಿಂತ ಕಡಿಮೆ ಬಂದರೆ ಅಂಕಿ ತಿದ್ದುವ ಆಸೆ ಹುಟ್ಟುತ್ತದೆ. “ಈ ಮಾದರಿಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ” ಎನ್ನುವುದೂ ಫಲಿತಾಂಶವೇ. ಒಳ್ಳೆಯ ತೀರ್ಪುಗಾರರು ಅದಕ್ಕೆ ಅಂಕ ಕಳೆಯುವುದಿಲ್ಲ. ಅವರಿಗೆ ಅನುಮಾನ ಬರುವುದು ಎಂಟಕ್ಕೆ ಎಂಟೂ ಎಲೆಯಲ್ಲಿ ಅಂಕಿ ತೀರಾ ಚೆಂದವಾಗಿ ಕೂತಾಗ. ಅದಕ್ಕೇ ತೋಟದಲ್ಲಿ ಬರೆದ ಕಚ್ಚಾ ಹಾಳೆಯನ್ನು ಫೇರ್ ಮಾಡಿದ ಮೇಲೆ ಬಿಸಾಡಬೇಡಿ, ರೆಕಾರ್ಡಿನ ಹಿಂದೆ ಪಿನ್ ಮಾಡಿ. ಅಲ್ಲಿ ಬರೆಯಲು ಪೆನ್ಸಿಲ್ ಒಯ್ಯಿರಿ. ಜೆಲ್ ಪೆನ್ನಿನ ಅಕ್ಷರ ಅಡಿಕೆ ಮರದಿಂದ ಬೀಳುವ ಒಂದು ಹನಿಗೆ ಕದಡಿ ಹೋಗುತ್ತದೆ.